ಹಾಸ್ಟೆಲ್ ವೈಫೈಗೆ ರಾತ್ರಿ ಹತ್ತೂವರೆಗೆ ಬೀಗ ಯಾಕೆ?

ಮಂಗಳೂರಿನ ಹೊರವಲಯದ ಒಂದು ಹುಡುಗಿಯರ ಹಾಸ್ಟೆಲ್‌ನಿಂದ ಬಂದ ಪತ್ರ ಇದು. ಬರೆದವರು ಎಂಎಸ್ಸಿ ಓದುತ್ತಿದ್ದಾರೆ. ಹೆಸರು, ಕಾಲೇಜು ಎರಡೂ ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

"ಸಂಪಾದಕರಿಗೆ ನಮಸ್ಕಾರ. ನಮ್ಮ ಹಾಸ್ಟೆಲ್ ಫೀಸಿನಲ್ಲಿ ಇಂಟರ್ನೆಟ್‌ಗೆ ಅಂತ ಬೇರೆಯೇ ದುಡ್ಡು ತೆಗೆದುಕೊಳ್ಳುತ್ತಾರೆ. ಆದರೆ ರಾತ್ರಿ ಹತ್ತೂವರೆಗೆ ವೈಫೈ ಬಂದ್. ಅದಕ್ಕೂ ಮೊದಲು, ಎಂಟರಿಂದ ಹತ್ತರವರೆಗೆ, ಲಾಗಿನ್ ಪೇಜೇ ತೆರೆಯುವುದಿಲ್ಲ. ಯೂಟ್ಯೂಬ್ ಬ್ಲಾಕ್ ಮಾಡಿದ್ದಾರೆ, ನಮ್ಮ ಲೆಕ್ಚರರ್ ಹೇಳುವ ಪಾಠದ ವಿಡಿಯೋ ಇರುವುದೇ ಅಲ್ಲಿ. ನನ್ನ ರೂಮು ಕಾರಿಡಾರಿನ ತುದಿಯಲ್ಲಿದೆ, ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಹುಡುಗರ ಹಾಸ್ಟೆಲ್‌ನಲ್ಲಿ ಮಾತ್ರ ನೆಟ್ ರಾತ್ರಿಯಿಡೀ ಇರುತ್ತದೆ. ವಾರ್ಡನ್ ಮೇಡಂ ಹತ್ತಿರ ಕೇಳಿದರೆ 'ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು' ಅನ್ನುತ್ತಾರೆ. ಈಗ ಬ್ಲಾಕ್ ದಾಟಲು ಎಲ್ಲರೂ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದಾರೆ. ನಾನೂ ಹಾಕಿಕೊಳ್ಳಲೇ? ಬೇರೆ ದಾರಿ ಇದ್ದರೆ ತಿಳಿಸಿ."

ನಮಸ್ಕಾರ.

ನೀವು ಇದನ್ನು ಒಂದೇ ದೂರಾಗಿ ಬರೆದಿದ್ದೀರಿ, ಆದರೆ ಇದರಲ್ಲಿ ಎರಡು ದೂರುಗಳಿವೆ. ನೆಟ್ ಸಾಲುತ್ತಿಲ್ಲ ಎನ್ನುವುದು ಒಂದು. ಇರುವ ನೆಟ್ಟನ್ನೂ ಬೇಕೆಂದೇ ನಿಲ್ಲಿಸುತ್ತಾರೆ ಎನ್ನುವುದು ಇನ್ನೊಂದು. ಎರಡನ್ನೂ ಕಲಸಿ ಕೇಳಿದರೆ ಉತ್ತರ ಕೊಡುವವರಿಗೆ ತಪ್ಪಿಸಿಕೊಳ್ಳಲು ತುಂಬಾ ಸುಲಭ. ಸ್ಪೀಡ್ ಯಾಕಿಲ್ಲ ಅಂದರೆ "ನೀವೆಲ್ಲ ಸಿನಿಮಾ ನೋಡ್ತೀರಿ" ಅನ್ನುತ್ತಾರೆ, ಯಾಕೆ ಬಂದ್ ಮಾಡಿದಿರಿ ಅಂದರೆ "ಲೈನ್ ತಡೆಯೋದಿಲ್ಲ" ಅನ್ನುತ್ತಾರೆ. ಲೈನ್ ಚಿಕ್ಕದು ಎಂಬ ಮಾತನ್ನು ಶಿಸ್ತಿನ ಮಾತಿನ ಹಿಂದೆ ಅಡಗಿಸುವುದು ಎಷ್ಟೋ ಹಾಸ್ಟೆಲ್‌ಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಮೊದಲು ಎರಡನ್ನೂ ಬೇರೆ ಮಾಡೋಣ.

ಸಾಲದಿರುವುದರಿಂದ ಶುರು ಮಾಡುತ್ತೇನೆ. ನಿಮ್ಮ ಹಾಸ್ಟೆಲ್‌ಗೆ ಎಷ್ಟು ಎಂಬಿಪಿಎಸ್‌ನ ಲೈನ್ ಬಂದಿದೆ ಎಂದು ಪತ್ರದಲ್ಲಿಲ್ಲ (ಎಂಬಿಪಿಎಸ್ ಅಂದರೆ ನೆಟ್ ಸ್ಪೀಡಿನ ಅಳತೆ). ನಿಮಗೂ ಯಾರೂ ಹೇಳಿರಲಿಕ್ಕಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ. 100 ಎಂಬಿಪಿಎಸ್ ಲೈನ್, 200 ಹುಡುಗಿಯರು ಅಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಕೂತರೆ ತಲಾ ಅರ್ಧ ಎಂಬಿಪಿಎಸ್. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ನಿಗದಿ ಮಾಡಿತು. ಅದಕ್ಕೂ ಮೊದಲು ಆ ಮಿತಿ 512 ಕೆಬಿಪಿಎಸ್ ಇತ್ತು, ಅಂದರೆ ಹೆಚ್ಚುಕಡಿಮೆ ಈ ಅರ್ಧ ಎಂಬಿಪಿಎಸ್ಸೇ. ಎಲ್ಲರೂ ಒಂದೇ ಹೊತ್ತಿಗೆ ಬಳಸುವುದಿಲ್ಲ ಎಂದು ಐಟಿಯವರು ಹೇಳುತ್ತಾರೆ, ಆಫೀಸಿಗೆ ಆ ಮಾತು ಸರಿ. ಆದರೆ ಸಂಜೆ ಗೇಟು ಹಾಕುವ ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ಬಂದ ಎಲ್ಲರೂ ಎಂಟು ಗಂಟೆಗೆ ಒಟ್ಟಿಗೇ ಕೂರುತ್ತಾರೆ, ಬೇರೆಲ್ಲಿಗೆ ಹೋಗಬೇಕು?

ಇನ್ನು ವೈಫೈ ಎನ್ನುವುದು ಒಂದೇ ಮೈಕ್ ಇರುವ ಸಭೆಯ ಹಾಗೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ರೂಮಿನ, ಸಿಗ್ನಲ್ ಕಡಿಮೆ ಇರುವ ಮೊಬೈಲು ನಿಧಾನವಾಗಿ ಮಾತಾಡುತ್ತದೆ, ಅದರಿಂದ ಹತ್ತಿರದವರ ಸಮಯವೂ ಹೋಗುತ್ತದೆ. ವೈಫೈ ಬಳಸುವ ಎರಡು ಮುಖ್ಯ ಬ್ಯಾಂಡ್‌ಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್‌ಗಳು ಮೂರೇ, 1, 6 ಮತ್ತು 11. ನೆಟ್ ಬರುವುದಿಲ್ಲ ಎಂದು ರೂಮಿಗೊಬ್ಬರು ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದರೆ ಅವುಗಳಲ್ಲಿ ಬಹಳಷ್ಟು ಇದೇ ಜಾಗಕ್ಕೆ ಬಂದು ನುಗ್ಗುತ್ತವೆ, ಹಾಸ್ಟೆಲ್‌ನ ವೈಫೈ ಇನ್ನೂ ಹದಗೆಡುತ್ತದೆ. ಇದನ್ನು ನಿಮ್ಮ ಫ್ಲೋರಿನ ಎಲ್ಲರಿಗೂ ಹೇಳಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಅದು ಗೋಡೆ ದಾಟುವುದರಲ್ಲಿ ಸೋಲುತ್ತದೆ. ನಮ್ಮ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬ್ ಇವುಗಳನ್ನು ದಾಟಿ ಕಾರಿಡಾರಿನ ತುದಿಯ ರೂಮಿಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೆ ಇರುವ ಪರಿಹಾರ ಇನ್ನಷ್ಟು ಆಕ್ಸೆಸ್ ಪಾಯಿಂಟ್‌ಗಳು (ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆಗಳು), ಅವಕ್ಕೆ ಸರಿಯಾಗಿ ಎಳೆದ ಕೇಬಲ್. ಲೈನಿನ ಸ್ಪೀಡ್ ಎಷ್ಟು ಹೆಚ್ಚಿಸಿದರೂ ನಿಮ್ಮ ರೂಮಿನ ಒಂದು ಕಡ್ಡಿ ಎರಡಾಗುವುದಿಲ್ಲ.

ಯಾವುದು ನಿಮ್ಮ ಸಮಸ್ಯೆ ಎಂದು ನೀವೇ ಕಂಡುಹಿಡಿಯಬಹುದು. ಒಂದು ವಾರ ಬೆಳಿಗ್ಗೆ ಐದೂವರೆಗೆ ಮತ್ತು ರಾತ್ರಿ ಒಂಬತ್ತಕ್ಕೆ, ಆಕ್ಸೆಸ್ ಪಾಯಿಂಟ್‌ನ ಕೆಳಗೇ ನಿಂತು ಒಮ್ಮೆ, ನಿಮ್ಮ ರೂಮಿನಲ್ಲಿ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಬಿದ್ದುಹೋದರೆ ಜನಕ್ಕೆ ತಕ್ಕಷ್ಟು ವ್ಯವಸ್ಥೆ ಇಲ್ಲ ಎಂದರ್ಥ. ಕಾರಿಡಾರಿನಲ್ಲಿ ಸರಿ ಇದ್ದು ರೂಮಿನಲ್ಲಿ ಮಾತ್ರ ಇಲ್ಲದಿದ್ದರೆ ಆಕ್ಸೆಸ್ ಪಾಯಿಂಟ್ ಕಡಿಮೆ. ಉಳಿದದ್ದೆಲ್ಲ ಓಡುತ್ತಿದ್ದು ಒಂದು ಸೈಟ್ ಮಾತ್ರ ಯಾವ ಹೊತ್ತಿನಲ್ಲೂ ತೆರೆಯದಿದ್ದರೆ, ಅದೂ ಮೊಬೈಲ್ ಡೇಟಾದಲ್ಲಿ ತೆರೆದರೆ, ಅದನ್ನು ಯಾರೋ ತಡೆದಿದ್ದಾರೆ. ಸಮಯ, ಜಾಗ, ಸ್ಕ್ರೀನ್‌ಶಾಟ್ ಇದ್ದರೆ ಸಾಕು, ಯಾವ ಎಂಜಿನಿಯರ್ ಕೂಡ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಲಾಗಿನ್ ಪೇಜಿನ ಬಗ್ಗೆ ಒಂದು ಚಿಕ್ಕ ವಿಷಯ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ, ಮೊಬೈಲುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ (ಡಿವೈಸಿನ ಗುರುತಿನ ಸಂಖ್ಯೆ) ಕೊಡದೆ ಬೇರೊಂದನ್ನು ಕೊಡುತ್ತವೆ. ಒಬ್ಬರಿಗೆ ಒಂದೋ ಎರಡೋ ಡಿವೈಸ್ ಎಂದು ಮ್ಯಾಕ್ ಅಡ್ರೆಸ್ ಬರೆದುಕೊಳ್ಳುವ ಹಾಸ್ಟೆಲ್‌ನಲ್ಲಿ ನಿಮ್ಮದೇ ಮೊಬೈಲು ಹೊಸ ಮೊಬೈಲಿನಂತೆ ಕಂಡು ಹೊರಗೆ ಉಳಿಯುತ್ತದೆ. ಆ ವೈಫೈ ಹೆಸರಿನ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಎಂಬಲ್ಲಿ ಹೋಗಿ ಡಿವೈಸಿನ ಸ್ವಂತ ಮ್ಯಾಕ್ ಬಳಸುವಂತೆ ಬದಲಾಯಿಸಿ ನೋಡಿ. ಹಾಸ್ಟೆಲ್‌ನ ವೈಫೈಗೆ ಮಾತ್ರ ಹೀಗೆ ಮಾಡಿ, ಬಸ್‌ಸ್ಟ್ಯಾಂಡಿನ ವೈಫೈಗೆ ಬೇಡ.

ಸಿಡಿಲು, ಕರೆಂಟಿನ ಸಮಸ್ಯೆ ಇದ್ದದ್ದೇ. ಮಳೆಗಾಲಕ್ಕೆ ಮೊದಲು ನೆಟ್‌ವರ್ಕ್ ಸ್ವಿಚ್ಚಿಗೂ ಆಕ್ಸೆಸ್ ಪಾಯಿಂಟಿಗೂ ಯುಪಿಎಸ್, ಸರಿಯಾದ ಅರ್ಥಿಂಗ್ ಇದೆಯೇ ಎಂದು ಕೇಳಿ.

ಈಗ ಎರಡನೆಯದು. ನನಗೆ ನಿಜವಾಗಿ ಸಿಟ್ಟು ಬರುವುದು ಇದರ ಬಗ್ಗೆ.

ವಾರ್ಡನ್ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಇನ್ನೂರು ಮನೆಗಳಿಂದ ಅವರಿಗೆ ಫೋನ್ ಬರುತ್ತದೆ. ಯಾರಾದರೂ ಆ ನೆಟ್‌ನಿಂದ ಏನಾದರೂ ಎಡವಟ್ಟು ಮಾಡಿದರೆ ಪೊಲೀಸರು ಬರುವುದು ಸಂಸ್ಥೆಯ ಬಾಗಿಲಿಗೆ. ಲಾಗಿನ್ ಇಡಲಿ, ಯಾರು ಯಾವಾಗ ಬಳಸಿದರು ಎಂಬ ಲೆಕ್ಕ ಇಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಂಎಸ್ಸಿ ಓದುವವರು ಮತ ಹಾಕುವ ವಯಸ್ಸಿನವರು. ಮಲಗುವ ಹೊತ್ತನ್ನು ಅವರಿಗೆ ಇನ್ನೊಬ್ಬರು ಗೊತ್ತುಮಾಡುವುದು, ಅದೂ ಹುಡುಗಿಯರಿಗೆ ಮಾತ್ರ, ಯಾವ ಒಳ್ಳೆಯದಕ್ಕೆ? ರಾತ್ರಿ ನೆಟ್ ಇದ್ದರೆ ಕೆಡುತ್ತಾರೆ ಎಂದಾದರೆ ಹುಡುಗರೂ ಕೆಡಬೇಕಲ್ವಾ?

ಹುಡುಗರ ಹಾಸ್ಟೆಲ್‌ನಲ್ಲಿ ನೆಟ್ ಹೋದರೂ ಅವರು ಬೈಕ್ ತೆಗೆದು ಗೆಳೆಯನ ರೂಮಿಗೆ ಹೋಗುತ್ತಾರೆ, ಸಿಗ್ನಲ್ ಸಿಗುವ ಅಂಗಡಿ ಕಟ್ಟೆಯಲ್ಲಿ ಕೂರುತ್ತಾರೆ. ಸಂಜೆಯೇ ಗೇಟು ಹಾಕಿದ ಮೇಲೆ ನಿಮಗೆ ಲೈಬ್ರರಿಯೂ ಇಲ್ಲ, ಲ್ಯಾಬೂ ಇಲ್ಲ, ಅಂಗಡಿ ಕಟ್ಟೆಯಂತೂ ಇಲ್ಲವೇ ಇಲ್ಲ. ಉಳಿಯುವುದು ಸ್ವಂತ ರೀಚಾರ್ಜ್. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್‌ನಲ್ಲಿ ಒಳ್ಳೆಯ ಕ್ವಾಲಿಟಿಯ ಒಂದು ಗಂಟೆಯ ಪಾಠಕ್ಕೇ ಸುಮಾರು ಒಂದು ಜಿಬಿ ಹೋಗುತ್ತದೆ. ಹಾಸ್ಟೆಲ್‌ಗೂ ದುಡ್ಡು ಕೊಟ್ಟು, ಮೊಬೈಲ್ ಕಂಪನಿಗೂ ಕೊಟ್ಟು, ಆಮೇಲೂ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಇದು ಮನೆಯಲ್ಲಿ ಬೀಡಿ ಕಟ್ಟಿ, ಮೀನು ಮಾರಿ ಮಗಳನ್ನು ಓದಲು ಕಳಿಸಿದವರ ದುಡ್ಡು ಎಂಬುದು ನನಗೆ ಮರೆಯಲಾಗುವುದಿಲ್ಲ.

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಜೋರು ಮಳೆಯಲ್ಲಿ ರಸ್ತೆ ಬದಿಗೆ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ, ಅಪ್ಪ ಕೊಡೆ ಹಿಡಿದು ನಿಂತಿದ್ದ ಫೋಟೋ ನೀವೂ ನೋಡಿರಬಹುದು. ಊರಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಆ ದಿನಗಳಲ್ಲಿ ಗುಡ್ಡೆ ಹತ್ತಿ ಪಾಠ ಕೇಳಿದ ಮಕ್ಕಳು ಈಗ ನಿಮ್ಮ ಹಾಗೆ ಹಾಸ್ಟೆಲ್‌ಗಳಲ್ಲಿದ್ದಾರೆ. ಊರಲ್ಲಿ ಟವರ್ ಇರಲಿಲ್ಲ, ಸರಿ. ಇಲ್ಲಿ ಗೋಡೆಯ ಮೇಲೆ ವೈಫೈ ಇದೆ, ಹತ್ತೂವರೆಗೆ ಅದನ್ನು ಆಫ್ ಮಾಡುತ್ತಾರೆ.

ಯೂಟ್ಯೂಬ್ ಬ್ಲಾಕ್ ಮಾಡುವುದಂತೂ ಯೋಚನೆ ಮಾಡದೆ ಮಾಡಿದ ಕೆಲಸ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್‌ನಲ್ಲಿ ಓದಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಸ್ವಯಂನ ಪಾಠಗಳಿಗೂ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಪಾಠಗಳಿಗೂ ವಿಡಿಯೋ ಬಹಳಷ್ಟು ಯೂಟ್ಯೂಬಿನಲ್ಲೇ ಇವೆ. ಒಂದು ಕೈಯಲ್ಲಿ ಕೋರ್ಸ್ ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನು ಮುಚ್ಚಿದಂತಾಯಿತು. ಪರೀಕ್ಷೆ ಫೀಸು ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಅಸೈನ್‌ಮೆಂಟಿನ ಗಡುವು ಅಂದರೆ ಈಗ ಎಷ್ಟೋ ಕಡೆ ರಾತ್ರಿ 11.59. ಹತ್ತೂವರೆಗೆ ನೆಟ್ ತೆಗೆದರೆ ಉಳಿದ ಒಂದೂವರೆ ಗಂಟೆ ಯಾರ ಲೆಕ್ಕಕ್ಕೆ? ಜನ ಜಾಸ್ತಿ ಇರುವ ಹೊತ್ತಿನಲ್ಲಿ ತಲಾ ಇಷ್ಟು ಸ್ಪೀಡ್ ಎಂದು ಮಿತಿ ಹಾಕಬಹುದು, ಪಾಠದ ಸೈಟುಗಳಿಗೆ ಮೊದಲ ಜಾಗ ಕೊಡಬಹುದು. ನೆಟ್ ನಿಯಂತ್ರಿಸಲು ಕ್ಯಾಂಪಸ್‌ಗಳಲ್ಲಿ ಹಾಕುವ ಫೈರ್‌ವಾಲ್‌ಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇರುತ್ತದೆ. ಅದನ್ನು ಕೂತು ಹೊಂದಿಸುವುದಕ್ಕಿಂತ ಪೂರ್ತಿ ಬ್ಲಾಕ್ ಮಾಡುವುದು ಸುಲಭ, ಅಷ್ಟೆ.

ಕಾನೂನಿನ ಮಾತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಹುಡುಗಿಯರು ಮೊಬೈಲ್ ಬಳಸಬಾರದು ಎಂಬ ನಿಯಮ ಇತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. ಆಕೆ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಆಕೆಯನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಈ ತೀರ್ಪನ್ನು ಅರ್ಜಿಯಲ್ಲಿ ಬರೆಯಿರಿ, ಆದರೆ ಅದರ ಮಿತಿ ತಿಳಿದು ಬರೆಯಿರಿ. ಅದು ಕೇರಳದ ತೀರ್ಪು, ಕರ್ನಾಟಕದಲ್ಲಿ ಅದಕ್ಕೆ ತೂಕ ಇದೆ, ಕಟ್ಟುಪಾಡು ಇಲ್ಲ. ಅದು ಮೊಬೈಲ್ ನಿಷೇಧದ ಬಗ್ಗೆ, ವೈಫೈ ಕೊಡಲೇಬೇಕು ಎಂದು ಅದು ಹೇಳಿಲ್ಲ. ನಿಮ್ಮ ಗಟ್ಟಿ ನೆಲ ಬೇರೆ ಇದೆ. ದುಡ್ಡು ತೆಗೆದುಕೊಂಡ ಸೌಲಭ್ಯವನ್ನು ಕೊಡುತ್ತಿಲ್ಲ, ಮತ್ತು ಅದೇ ಸಂಸ್ಥೆ ಹುಡುಗರಿಗೊಂದು, ಹುಡುಗಿಯರಿಗೊಂದು ನಿಯಮ ಮಾಡಿದೆ.

ಇದನ್ನು ಕೇಳಲು ಜಾಗವೂ ಇದೆ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಅದರಲ್ಲಿ ಮಹಿಳೆಯೊಬ್ಬರು ಇರಬೇಕು, ವಿದ್ಯಾರ್ಥಿ ಪ್ರತಿನಿಧಿಯನ್ನು ಕರೆಯಬೇಕು. ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ವಿಚಾರಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ, ಅವರ ಬಳಿಗೆ 15 ದಿನಗಳ ಒಳಗೆ ಮೇಲ್ಮನವಿ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯೂ ಇದೆ, 30 ದಿನಗಳಲ್ಲಿ ಉತ್ತರ ಬರಬೇಕು. ಇಂಟರ್ನೆಟ್ ಹೆಸರಲ್ಲಿ ಕಳೆದ ವರ್ಷ ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು, ಲೈನ್ ಎಷ್ಟು, ಎರಡೂ ಹಾಸ್ಟೆಲ್‌ಗಳಲ್ಲಿ ಎಷ್ಟೆಷ್ಟು ಆಕ್ಸೆಸ್ ಪಾಯಿಂಟ್, ಹತ್ತೂವರೆಯ ನಿಯಮವನ್ನು ಯಾವ ಸಭೆ ಯಾವ ತಾರೀಕಿನಲ್ಲಿ ಮಾಡಿತು, ಇಷ್ಟು ಕೇಳಿ. ಕೊನೆಯ ಪ್ರಶ್ನೆಗೆ ಎಷ್ಟೋ ಕಡೆ ಉತ್ತರವೇ ಇರುವುದಿಲ್ಲ, ಯಾಕೆಂದರೆ ನಿಯಮ ಬಾಯಿಮಾತಿನದು.

ಒಬ್ಬರೇ ಹೋಗಬೇಡಿ. ಫ್ಲೋರಿಗೆ ಇಬ್ಬರಂತೆ ಸೇರಿ, ಎಲ್ಲರ ಸಹಿ ಹಾಕಿಸಿ, ಮೊದಲು ವಾರ್ಡನ್ ಮೇಡಂಗೇ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಅವರನ್ನು ದಾಟಿ ನೇರ ಮೇಲೆ ಹೋದರೆ ವಿಷಯ ನೆಟ್ ಬಿಟ್ಟು ಮರ್ಯಾದೆಯ ಕಡೆ ತಿರುಗುತ್ತದೆ. ಎಷ್ಟೋ ಸಲ ವಾರ್ಡನ್‌ಗೂ ಇದೇ ಬೇಕಾಗಿರುತ್ತದೆ, ಬರಹದಲ್ಲಿ ಒಂದು ಅರ್ಜಿ ಕೈಗೆ ಸಿಕ್ಕರೆ ಅವರಿಗೂ ಆಡಳಿತದವರ ಹತ್ತಿರ ಮಾತಾಡಲು ಅನುಕೂಲ.

ವಿಪಿಎನ್ ಬಗ್ಗೆ ಕೇಳಿದಿರಿ. ವಿಪಿಎನ್ ಬಳಸುವುದೇ ನಮ್ಮ ದೇಶದಲ್ಲಿ ಅಪರಾಧ ಎಂಬುದು ತಪ್ಪು ಕಲ್ಪನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು, ಬಳಸುವವರನ್ನು ಅಪರಾಧಿ ಮಾಡಲಿಲ್ಲ. ಆದರೂ ನಿಮಗೆ ನಾನು ಬೇಡ ಎನ್ನುತ್ತೇನೆ. ಹಾಸ್ಟೆಲ್ ಸೇರುವಾಗ ನೀವು ಸಹಿ ಹಾಕಿದ ನಿಯಮಗಳಲ್ಲಿ ಅದು ಇದ್ದರೆ ಶಿಸ್ತುಕ್ರಮಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಪ್ಲೇಸ್ಟೋರಿನ ಉಚಿತ ವಿಪಿಎನ್ ಆ್ಯಪ್‌ನ ಮಾಲೀಕರು ಯಾರು, ಎಲ್ಲಿಯವರು ಎಂದು ಬಹಳ ಸಲ ಗೊತ್ತೇ ಆಗುವುದಿಲ್ಲ. ನೀವು ನೋಡುವ ಸೈಟುಗಳ ಪಟ್ಟಿ ಪೂರ್ತಿ ಅವರ ಕೈಗೆ ಹೋಗುತ್ತದೆ. ಜೊತೆಗೆ ಅದು ಹತ್ತೂವರೆಯ ಬೀಗ ತೆಗೆಯುವುದಿಲ್ಲ, ವೈಫೈ ಆಫ್ ಆದ ಮೇಲೆ ವಿಪಿಎನ್ ಏನು ಮಾಡೀತು? ಎಲ್ಲರೂ ಗುಟ್ಟಾಗಿ ದಾರಿ ಹುಡುಕಿಕೊಂಡರೆ ಅರ್ಜಿಗೆ ಸಹಿ ಹಾಕುವವರೂ ಕಡಿಮೆಯಾಗುತ್ತಾರೆ, ಬರುವ ವರ್ಷದ ಹುಡುಗಿಯರಿಗೂ ಅದೇ ಗತಿ.

ಅರ್ಜಿಯ ಕರಡು ಬರೆದು ನಮಗೆ ಕಳಿಸಿ, ನೋಡಿ ತಿದ್ದಿಕೊಡುತ್ತೇವೆ. ಉಡುಪಿ, ಮಣಿಪಾಲ, ಸುರತ್ಕಲ್, ದೇರಳಕಟ್ಟೆ ಕಡೆಯ ಹಾಸ್ಟೆಲ್, ಪಿಜಿಗಳಲ್ಲಿ ಇರುವವರೂ ನಿಮ್ಮಲ್ಲಿ ನೆಟ್ ಎಷ್ಟು ಗಂಟೆಗೆ ಬಂದ್ ಆಗುತ್ತದೆ, ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮವೇ ಎಂದು ಬರೆಯಿರಿ. ಹೆಸರು ಹಾಕುವುದಿಲ್ಲ.

— ಸಂಪಾದಕ