ಸಿಲ್ವರ್ ಓಕ್ ಸಸಿಗಳು ಪಾತಿಯಲ್ಲೇ ಬಾಗಿ ಸಾಯುತ್ತಿವೆ. ರೋಗವೋ, ಹುಳುವೋ, ನೀರು ಸಾಲದೋ?

ಎಲೆ ಹಸಿರಿರುವಾಗಲೇ ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ, ಮೆತ್ತಗಾಗಿ, ನೂಲಿನಂತೆ ಸಣ್ಣಗಾಗಿ ಸಸಿ ಬಿದ್ದಿದ್ದರೆ ಅದು ಬುಡಕೊಳೆ ರೋಗ. ಹುಳು ಕಡಿದಿದ್ದರೆ ಕತ್ತರಿಸಿದ ಗುರುತು ಕಾಣುತ್ತದೆ, ಕೊಳೆತಿರುವುದಿಲ್ಲ. ನೀರು ಸಾಲದಿದ್ದರೆ ತುದಿ ಬಾಡುತ್ತದೆ, ಬುಡ ಗಟ್ಟಿಯಾಗಿಯೇ ಇರುತ್ತದೆ. ಅನುಮಾನವಿದ್ದರೆ ಸಸಿ ಕಿತ್ತು ಬೇರನ್ನು ಬೆರಳಲ್ಲಿ ಎಳೆದು ನೋಡಿ: ರೋಗ ಬೇರಿಗೂ ಇಳಿದಿದ್ದರೆ ಹೊರಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ಉಳಿಯುತ್ತದೆ. ಒಂದೆಡೆ ಶುರುವಾಗಿ ದಿನದಿಂದ ದಿನಕ್ಕೆ ವೃತ್ತಾಕಾರವಾಗಿ ಹರಡುವುದೂ ಇದರದೇ ಲಕ್ಷಣ.

ಕಾರಣ ರೈಜೋಕ್ಟೋನಿಯಾ, ಪಿಥಿಯಂನಂಥ ಮಣ್ಣಿನ ಸೂಕ್ಷ್ಮಜೀವಿಗಳು. ಎಳೆ ಕಾಂಡದಲ್ಲಿ ಇನ್ನೂ ನಾರು ಬಲಿತಿರುವುದಿಲ್ಲ, ಹಾಗಾಗಿ ಸುಲಭವಾಗಿ ಒಳನುಗ್ಗುತ್ತವೆ. ಕಾಂಡ ಬಲಿತ ಮೇಲೆ ಅಪಾಯ ಕಡಿಮೆ. ಮೂಡಿಗೆರೆ, ಸಕಲೇಶಪುರದ ಕಡೆ ದಟ್ಟ ನೆರಳು, ಒತ್ತೊತ್ತಾದ ಬಿತ್ತನೆ, ನೀರು ನಿಲ್ಲುವ ಪಾತಿ ಸೇರಿದರೆ ರೋಗಕ್ಕೆ ಹಬ್ಬ. ಬಾಡಿದೆಯೆಂದು ಇನ್ನಷ್ಟು ನೀರು ಹಾಕುವುದೇ ದೊಡ್ಡ ತಪ್ಪು.

ಸತ್ತ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ. ಚಪ್ಪರದ ನೆರಳು ತೆಳುಮಾಡಿ, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಬೆರೆಸಿ ಉಳಿದವುಗಳ ಬುಡ ನೆನೆಸಿ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಮದ್ದು ಪಕ್ಕದವನ್ನು ಉಳಿಸಲು ಮಾತ್ರ.