ಸಹಿ ಹಾಕಿದ ಹಾಳೆ, ತಡವಾಗಿ ಬಂದ ಅಟ್ಯಾಕರ್

ಕಿರಣ (ಹೆಸರು, ಗುರುತು ಬದಲಿಸಿದೆ), 15 ವರ್ಷ, ಯುವ ವಾಲಿಬಾಲ್ ತಂಡದ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಚೆಂಡು ಕಾಯುವವನು. ಕೋಚ್ ಆಪ್ತಸಲಹೆಗಾರರಿಗೆ ಹೇಳಿ ಕಳಿಸಿದ ದೂರು: "ಹುಡುಗನ ಧೋರಣೆ ಸರಿಯಿಲ್ಲ, ತಂಡದ ಮೌಲ್ಯಗಳಿಗೆ ಬೆಲೆ ಕೊಡಲ್ಲ." ಬಿಡಿಸಿ ಕೇಳಿದಾಗ ಹೊರಬಂದದ್ದು ಮೂರು ಸಂಗತಿ. ಜೊತೆಗಾರ ಪಾಸ್ ಕೆಡಿಸಿದರೆ ಕಿರಣ ಕೈ ಚೆಲ್ಲಿ ಬೆನ್ನು ತಿರುಗಿಸುತ್ತಾನೆ. ಪಾಯಿಂಟ್ ಮುಗಿದು ಉಳಿದವರು ಅಂಕಣದ ನಡುವೆ ಸೇರಿದಾಗ ದೂರ ನಿಲ್ಲುತ್ತಾನೆ. ತನಗೂ ಪಕ್ಕದವನಿಗೂ ನಡುವೆ ಬರುವ ಸರ್ವ್‌ಗೆ "ನಂದು" ಎಂದು ಕೂಗುವುದನ್ನೇ ಬಿಟ್ಟಿದ್ದಾನೆ.

ಕೋಚ್ ಕಳಿಸಿದ ಹುಡುಗ ಆಪ್ತಸಲಹೆಗಾರರನ್ನೂ ಕೋಚ್ ಕಡೆಯವರೆಂದೇ ಎಣಿಸುತ್ತಾನೆ. ಹಾಗಾಗಿ ಯಾವ ಮಾತು ಹೊರಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಮೊದಲೇ ಅವನೊಂದಿಗೆ ಕೂತು ತೀರ್ಮಾನಿಸಲಾಯಿತು. ಅಪಾಯದ ಸೂಚನೆ ಕಂಡರೆ ಮಾತ್ರ ಕೇಳದೆ ತಿಳಿಸಲಾಗುವುದು. ಉಳಿದದ್ದಕ್ಕೆಲ್ಲ ಅವನ ಒಪ್ಪಿಗೆ ಬೇಕು. ಊಟ, ನಿದ್ದೆ, ಓದು, ಹೊಡೆತ ಬೈಗುಳಗಳ ಬಗ್ಗೆ ವಿಚಾರಿಸಿದಾಗ ಗಾಬರಿಪಡುವಂಥದ್ದು ಏನೂ ಇರಲಿಲ್ಲ.

ಋತುವಿನ ಆರಂಭದಲ್ಲಿ ಎಲ್ಲರೂ ಒಂದು ಹಾಳೆಗೆ ಸಹಿ ಹಾಕಿದ್ದರು: ಶಿಸ್ತು, ಗೌರವ, ಪರಿಶ್ರಮ, ಒಗ್ಗಟ್ಟು. ತಡವಾಗಿ ಬಂದವರು ಮೊದಲ ಸೆಟ್ ಆಡುವುದಿಲ್ಲ ಎಂಬ ನಿಯಮವೂ ಅದರಲ್ಲಿತ್ತು. ಮುಖ್ಯ ಅಟ್ಯಾಕರ್ (ಸ್ಮ್ಯಾಷ್ ಹೊಡೆಯುವವ) ಎರಡು ಪಂದ್ಯಗಳಿಗೆ ತಡವಾಗಿ ಬಂದ. ಎರಡರಲ್ಲೂ ಪಂದ್ಯ ಶುರುಮಾಡುವ ಆರು ಜನರಲ್ಲೇ ಇಳಿದ. ಕಿರಣನ ಮಾತು ಸರಳವಾಗಿತ್ತು: "ರೂಲ್ಸ್ ಇರೋದು ಬೆಂಚಿನವರಿಗೆ, ಸರ್." ಈ ಮಾತಿಗೆ ಎದುರು ಹೇಳುವಂಥದ್ದೇನೂ ಇರಲಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಹಿಂದಿನ ಋತುವಿನಲ್ಲಿ ಅವನು ಅಟ್ಯಾಕರ್. ಎತ್ತರ ಸಾಲದೆಂದು ಲಿಬೆರೊ ಮಾಡಿದರು, ಏಕೆಂದು ಅವನಿಗೆ ಯಾರೂ ಹೇಳಲಿಲ್ಲ. ಲಿಬೆರೊ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆದು ಎದುರಾಳಿಯ ಅಂಕಣಕ್ಕೆ ಕಳಿಸುವಂತಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಸರ್ವ್ ಕೂಡ ಇಲ್ಲ. ಹುಡುಗ ಆಟಕ್ಕೆ ಬಂದದ್ದೇ ಸ್ಮ್ಯಾಷ್ ಹೊಡೆಯುವ ಖುಷಿಗೆ. ಅದನ್ನು ಕಿತ್ತುಕೊಂಡು ಬೇರೆ ಬಣ್ಣದ ಜೆರ್ಸಿ ಕೊಟ್ಟು "ಇದು ಜವಾಬ್ದಾರಿಯ ಸ್ಥಾನ" ಎಂದರೆ ಅವನು ನಂಬುವುದಾದರೂ ಹೇಗೆ?

ಮೂರನೆಯದು ಅಭ್ಯಾಸ ನೋಡಿದಾಗ ತಿಳಿದದ್ದು. ಇಬ್ಬರ ನಡುವೆ ಚೆಂಡು ಬಿದ್ದಾಗಲೆಲ್ಲ ಕೋಚ್ "ಪರಿಶ್ರಮ ಎಲ್ಲಿ?" ಎಂದು ಕೂಗುತ್ತಿದ್ದರು. ಕೊರತೆ ಇದ್ದದ್ದು ಪರಿಶ್ರಮದ್ದಲ್ಲ. ನಡುವಿನ ಚೆಂಡು ಯಾರದು ಎಂಬುದನ್ನೇ ತಂಡ ಗೊತ್ತುಮಾಡಿರಲಿಲ್ಲ. ಹೇಳಿಕೊಡದ ಕೆಲಸವನ್ನು ಗುಣದೋಷವೆಂದು ಬೈಯುವುದು ಯುವ ತಂಡಗಳಲ್ಲಿ ತೀರಾ ಸಾಮಾನ್ಯ.

ಕೋಚ್‌ಗೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಪ್ರತಿ ಮೌಲ್ಯವನ್ನೂ ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಬೇಕು. ಹೊರಗಿನವರೊಬ್ಬರು ನೋಡಿ "ಮಾಡಿದ", "ಮಾಡಲಿಲ್ಲ" ಎಂದು ಗುರುತಿಸಲಾಗದಿದ್ದರೆ ಆ ಸಾಲು ಅಳಿಸಬೇಕು. ಶಿಸ್ತು ಎಂದರೆ ಅಭ್ಯಾಸದ ಹೊತ್ತಿಗೆ 10 ನಿಮಿಷ ಮುಂಚೆ ಮಂಡಿಯ ಪ್ಯಾಡ್ ಹಾಕಿ, ಲೇಸ್ ಕಟ್ಟಿ ಅಂಕಣದಲ್ಲಿರುವುದು. ನೆಟ್ ಕಟ್ಟುವ, ಚೆಂಡು ಎಣಿಸುವ ಕೆಲಸ ಸರದಿಯಲ್ಲಿ ಎಲ್ಲರಿಗೂ, ಬರೀ ಕಿರಿಯರಿಗಲ್ಲ. ಗೌರವ ಎಂದರೆ ಪಾಯಿಂಟ್ ಗೆದ್ದರೂ ಸೋತರೂ ಆರೂ ಜನ ನಡುವೆ ಸೇರಿ, ಮುಂದಿನ ಚೆಂಡಿನ ಬಗ್ಗೆ ಒಂದೇ ಮಾತು ಆಡಿ ಜಾಗಕ್ಕೆ ಮರಳುವುದು. ರೆಫರಿ ಜೊತೆ ಮಾತಾಡುವ ಹಕ್ಕು ಅಂಕಣದಲ್ಲಿರುವ ನಾಯಕನಿಗೆ ಮಾತ್ರ. ಇದು ಆಟದ ನಿಯಮವೇ, ಬೇರೆ ಉಪದೇಶ ಬೇಕಿಲ್ಲ. ಪರಿಶ್ರಮ ಎಂದರೆ ಚೆಂಡು ನೆಟ್ ದಾಟುವ ಮುನ್ನ "ನಂದು" ಎಂದು ಕೂಗುವುದು. ಇದಕ್ಕೆ ಮುಂಚೆ ಹಂಚಿಕೆ ಆಗಬೇಕು: ಜೋಡಿಯಲ್ಲಿ ಒಬ್ಬ ಮುಂದೆ ನುಗ್ಗಿ ಗಿಡ್ಡ ಸರ್ವ್ ತೆಗೆಯುತ್ತಾನೆ, ಇನ್ನೊಬ್ಬ ಅವನ ಹಿಂದಿನಿಂದ ಸರಿದು ಉದ್ದನೆಯದನ್ನು; ಅನುಮಾನ ಬಂದರೆ ಲಿಬೆರೊಗೆ ಆದ್ಯತೆ.

ಆಟಗಾರರೇ ಮೊದಲು ಪಟ್ಟಿ ಬರೆದಾಗ ಅದು ಎರಡು ಪುಟ ತುಂಬಿತು. ಐದಕ್ಕೆ ಇಳಿಸಲು ಹೇಳಲಾಯಿತು. ಅಂಕ 22-23 ಇರುವಾಗ ನೆನಪಾಗದ ನಿಯಮ ಇದ್ದೂ ಇಲ್ಲದಂತೆ.

ತಪ್ಪಿಗೆ ಪರಿಣಾಮ ಚಿಕ್ಕದಿರಲಿ, ಮೊದಲೇ ತಿಳಿದಿರಲಿ, ಅಂದೇ ಜಾರಿಯಾಗಲಿ, ಎಲ್ಲರಿಗೂ ಒಂದೇ ಇರಲಿ. ತಡವಾದರೆ ಮೊದಲ ಸೆಟ್ ಇಲ್ಲ. ಪರೀಕ್ಷೆ, ಜ್ವರ, ಮನೆಯ ತುರ್ತು ಇದ್ದು ಮುಂಚೆ ತಿಳಿಸಿದ್ದರೆ ಅದು ತಪ್ಪೇ ಅಲ್ಲ. ಸುತ್ತು ಓಡಿಸುವುದು, ನೆಗೆಸುವುದು ಬೇಡ. ಸ್ಮ್ಯಾಷ್, ಬ್ಲಾಕ್‌ಗಳಲ್ಲಿ ಮಂಡಿ ಈಗಾಗಲೇ ಸಾಕಷ್ಟು ದಣಿದಿರುತ್ತದೆ, ಮಂಡಿಚಿಪ್ಪಿನ ಕೆಳಗಿನ ನೋವು ಈ ಆಟದವರಿಗೆ ಹೊಸದಲ್ಲ. ಮೇಲಾಗಿ, ವ್ಯಾಯಾಮವೇ ಶಿಕ್ಷೆ ಎಂದು ಮಕ್ಕಳು ಕಲಿಯುತ್ತಾರೆ.

ಸ್ಥಾನದ ಬಗ್ಗೆ ಪ್ರತಿಯೊಬ್ಬರ ಜೊತೆ ಪ್ರತ್ಯೇಕವಾಗಿ ಹತ್ತು ನಿಮಿಷ ಮಾತಾಡಲು ಸೂಚಿಸಲಾಯಿತು. ಈಗ ನಿನ್ನ ಕೆಲಸ ಏನು, ಅದು ನಿನಗೇ ಏಕೆ, ಬದಲಾಗಬೇಕಿದ್ದರೆ ಏನು ಸುಧಾರಿಸಬೇಕು, ಮತ್ತೆ ಯಾವಾಗ ನೋಡೋಣ: ಈ ನಾಲ್ಕಕ್ಕೂ ಉತ್ತರ ಬೇಕು. 15ರಲ್ಲಿ ಎತ್ತರ ಇನ್ನೂ ಏರಬಹುದು. ಕಿರಣನಿಗೆ ಅಭ್ಯಾಸದಲ್ಲಾದರೂ ಸ್ಮ್ಯಾಷ್ ಹೊಡೆಯಲು ಬಿಡಿ ಎಂಬುದು ಸ್ಪಷ್ಟ ಸಲಹೆ. ಈ ವಯಸ್ಸಿನಲ್ಲಿ ಒಂದೇ ಸ್ಥಾನಕ್ಕೆ ಕಟ್ಟಿಹಾಕುವುದು ಅವಸರ.

ಕಿರಣನಿಗೆ ಹೇಳಿದ್ದು ಮೆತ್ತಗಿನ ಮಾತಲ್ಲ. ನಿಯಮದ ಬಗ್ಗೆ ನಿನ್ನ ದೂರು ನ್ಯಾಯ. ಆದರೆ ಕೈ ಚೆಲ್ಲಿದಾಗ ನೊಂದವನು ಕೋಚ್ ಅಲ್ಲ, ಅಟ್ಯಾಕರ್ ಅಲ್ಲ, ಪಾಸ್ ತಪ್ಪಿದ ಪಕ್ಕದ ಹುಡುಗ. ಪ್ರತಿ ರ‍್ಯಾಲಿಗೂ ಪಾಯಿಂಟ್ ಇರುವ ಆಟದಲ್ಲಿ ಹೆದರಿದ ಪಾಸರ್ ಮುಂದಿನ ಸರ್ವ್ ಅನ್ನೂ ಕೆಡಿಸುತ್ತಾನೆ, ಎದುರಾಳಿಯೂ ಅವನ ಮೇಲೇ ಸರ್ವ್ ಹಾಕುತ್ತಾನೆ. ಅವನಿಗೆ ಕಲಿಸಿದ ಕ್ರಮ: ಉಸಿರು ಪೂರ್ತಿ ಹೊರಬಿಡು, ಅಂಗೈ ಚಡ್ಡಿಗೆ ಒರೆಸು, ತಪ್ಪಿದವನ ಮುಖ ನೋಡಿ "ಮುಂದಿನದು" ಅನ್ನು, ಜಾಗಕ್ಕೆ ಹೋಗು. ಇದನ್ನು ಪಂದ್ಯದಲ್ಲಿ ಮೊದಲ ಬಾರಿ ಮಾಡಲು ಹೋದರೆ ಆಗುವುದಿಲ್ಲ; 20-20ರಿಂದ ಶುರುವಾಗುವ ಅಭ್ಯಾಸದ ಆಟಗಳಲ್ಲಿ ರೂಢಿಸಬೇಕು. ಕೋಚ್ ಬಳಿ ಕೇಳುವುದನ್ನೂ ತಾಲೀಮು ಮಾಡಿಸಲಾಯಿತು. ಪಂದ್ಯದ ದಿನವಲ್ಲ, ಮಾರನೆಯ ಅಭ್ಯಾಸಕ್ಕೆ ಮುಂಚೆ: "ಸರ್, ನಾನು ಮತ್ತೆ ಅಟ್ಯಾಕ್ ಆಡಬೇಕು ಅಂದ್ರೆ ಏನು ಸುಧಾರಿಸಬೇಕು?" ಬೇರೆ ಹುಡುಗನ ಹೆಸರು ಆ ಮಾತಿನಲ್ಲಿ ಬರಬಾರದು.

ಅಪ್ಪ ಪ್ರೇಕ್ಷಕರ ಸಾಲಿನಿಂದ "ಮುಂದೆ ಬಾ, ಹಿಂದೆ ಹೋಗು" ಎನ್ನುತ್ತಿದ್ದರು. ಕೋಚ್ ಒಂದು ಹೇಳಿದರೆ ಅಪ್ಪ ಇನ್ನೊಂದು. ಹುಡುಗ ಇಬ್ಬರನ್ನೂ ಕೇಳಲಾಗದೆ ನಿಂತಲ್ಲೇ ನಿಲ್ಲುತ್ತಿದ್ದ. ಚಪ್ಪಾಳೆ ಸರಿ, ಸೂಚನೆ ಬೇಡ ಎಂದು ಹೇಳಲಾಯಿತು. ಮನೆಗೆ ಹೋಗುವ ದಾರಿಯಲ್ಲಿ ಪಂದ್ಯದ ಮಾತು ಮಗ ತೆಗೆದರೆ ಮಾತ್ರ. ಆಡುವ ಅವಕಾಶದ ಬಗ್ಗೆ ಮೊದಲು ಮಗನೇ ಕೇಳಲಿ, ಒಂದು ದಿನ ಕಳೆದ ಮೇಲೆ ಬೇಕಿದ್ದರೆ ಅಪ್ಪ.

ಮುಂದೆ ಒಂದು ಪಂದ್ಯಕ್ಕೆ ಅದೇ ಅಟ್ಯಾಕರ್ ತಡವಾಗಿ ಬಂದ. ಕೋಚ್ ಮೊದಲ ಸೆಟ್‌ನಲ್ಲಿ ಕೂರಿಸಿದರು, ತಂಡ ಆ ಸೆಟ್ ಸೋತಿತು, ಕೆಲವು ಪೋಷಕರು ಗಲಾಟೆ ಮಾಡಿದರು. ಕೋಚ್ ಬಗ್ಗಲಿಲ್ಲ. ಕಿರಣನ "ನಂದು" ಈಗ ಕೇಳಿಸುತ್ತಿದೆ. ಕೈ ಚೆಲ್ಲುವುದು ಕಡಿಮೆಯಾಗಿದೆ, ನಿಂತಿಲ್ಲ. ಅಪ್ಪನ ಸೂಚನೆಗಳೂ ಬಿಗಿಯಾದ ಸೆಟ್‌ಗಳಲ್ಲಿ ಮರಳುತ್ತವೆ, ಅದಕ್ಕೆ ಮುಂದಿನ ಭೇಟಿಗೆ ಅವರನ್ನೂ ಕರೆಯಲಾಗಿದೆ. ಸ್ಥಾನದ ಮರುಪರಿಶೀಲನೆಯ ದಿನವನ್ನು ಕೋಚ್ ಬರೆದುಕೊಟ್ಟಿದ್ದಾರೆ.