ಟ್ಯಾಂಕ್ ತೆಗೆದಾಗಿದೆ, ಬೋರ್‌ವೆಲ್ ನೀರು ಕುಡಿಯಬಹುದಾ?

ಪ್ರಶ್ನೆ: ನಾವು ಕೊಂಡ ಸೈಟಿನ ಪಕ್ಕದಲ್ಲಿ ಹಿಂದೆ ಪೆಟ್ರೋಲ್ ಬಂಕ್ ಇತ್ತಂತೆ. ನೆಲದೊಳಗಿನ ಟ್ಯಾಂಕ್ ತೆಗೆದು ಎಂಟು ವರ್ಷ ಆಗಿದೆ. ನಮ್ಮ ಬೋರ್‌ವೆಲ್ ಅಲ್ಲಿಂದ ಐವತ್ತು ಮೀಟರ್ ದೂರ. ನೀರು ತಿಳಿಯಾಗಿದೆ, ವಾಸನೆ ಇಲ್ಲ. ಪರೀಕ್ಷೆ ಮಾಡಿಸಿದೆವು. ಗಡಸುತನ, ಟಿಡಿಎಸ್, ನೈಟ್ರೇಟ್ ಎಲ್ಲಾ ಸರಿ ಇದೆ ಅಂತ ವರದಿ ಬಂದಿದೆ. ಕುಡಿಯಬಹುದು ಅಲ್ವಾ?

ಉತ್ತರ: ಈಗಲೇ ಬೇಡ. ನೀವು ಮಾಡಿಸಿದ ಪರೀಕ್ಷೆ ತಪ್ಪಲ್ಲ, ಆದರೆ ಅದು ಪೆಟ್ರೋಲನ್ನು ಹುಡುಕುವುದೇ ಇಲ್ಲ. ಟ್ಯಾಂಕ್ ಎತ್ತಿದರೆ ಅದರಿಂದ ಸೋರಿದ್ದೂ ಹೋಯಿತು ಅಂತಲ್ಲ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ, ಸುತ್ತಲಿನ ಮಣ್ಣಿಗೂ ಅಂಟಿಕೊಳ್ಳುತ್ತದೆ, ಅಲ್ಲಿಂದ ಪೆಟ್ರೋಲಿನಲ್ಲಿರುವ ಬೆಂಜೀನ್ ಅನ್ನುವ ರಾಸಾಯನಿಕ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ನೀರಿಗೆ ಕರಗುತ್ತಾ ಇರುತ್ತದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಕಡಿಮೆ ಇದ್ದರೆ ಮೂಗಿಗೂ ನಾಲಿಗೆಗೂ ಗೊತ್ತೇ ಆಗುವುದಿಲ್ಲ. ಹಾಗಾಗಿ ವಾಸನೆ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ.

ಲ್ಯಾಬ್‌ನಲ್ಲಿ ಹೆಸರು ಹಿಡಿದೇ ಕೇಳಿ: ಬೆಂಜೀನ್, ಟೊಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್. ಈ ನಾಲ್ಕಕ್ಕೂ ಸೇರಿಸಿ ಬಿಟೆಕ್ಸ್ ಅಂತಾರೆ. ಜೊತೆಗೆ ಎಂಟಿಬಿಇ ಕೂಡ ನೋಡಿಸಿ. ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ, ಮಣ್ಣಿಗೆ ಅಂಟದೆ ನೀರಿನ ಜೊತೆ ಎಲ್ಲಕ್ಕಿಂತ ಮುಂದೆ ಹೋಗುತ್ತದೆ. ಎಷ್ಟು ಕಡಿಮೆ ಇದ್ದರೆ ಅವರ ಯಂತ್ರ ಹಿಡಿಯುತ್ತದೆ ಅಂತಲೂ ಮೊದಲೇ ಕೇಳಿ. 50 ಮೈಕ್ರೋಗ್ರಾಂಗಿಂತ ಕೆಳಗೆ ಕಾಣದ ಲ್ಯಾಬ್ ‘ಪತ್ತೆಯಾಗಿಲ್ಲ’ ಅಂತ ಬರೆದುಕೊಟ್ಟರೆ ಏನು ಪ್ರಯೋಜನ?

ನನ್ನ ಪ್ರಕಾರ ಜಾಸ್ತಿ ಎಡವುವುದು ನೀರು ಹಿಡಿಯುವಾಗಲೇ. ಇವೆಲ್ಲ ಗಾಳಿಗೆ ಹಾರಿಹೋಗುವ ವಸ್ತುಗಳು. ಓವರ್‌ಹೆಡ್ ಟ್ಯಾಂಕಿನ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿಸಿ ಕೊಟ್ಟರೆ ಲ್ಯಾಬ್ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಹಾರಿಹೋಗಿರಬಹುದು. ಪಂಪ್‌ನ ಹತ್ತಿರದ, ಫಿಲ್ಟರ್‌ಗೂ ಮುಂಚಿನ ನಲ್ಲಿಯಿಂದಲೇ ಹಿಡಿಯಿರಿ. ನಿಂತ ನೀರು ಹೋಗುವವರೆಗೆ ಪಂಪ್ ಓಡಿಸಿ, ಆಮೇಲೆ ಸಣ್ಣ ಧಾರೆಯಲ್ಲಿ, ಲ್ಯಾಬ್ ಕೊಟ್ಟ 40 ಮಿಲಿಲೀಟರ್ ಗಾಜಿನ ಸೀಸೆಗೆ ಬಾಯಿಯ ಅಂಚಿನವರೆಗೆ, ಗಾಳಿಗೆ ಜಾಗ ಉಳಿಯದಂತೆ ತುಂಬಿ. ಒಳಗೆ ಒಂದೆರಡು ಹನಿ ಆಸಿಡ್ ಹಾಕಿರುತ್ತಾರೆ, ತೊಳೆಯಲು ಹೋಗಬೇಡಿ, ಉಕ್ಕಿಸಲೂ ಬೇಡಿ. ಮುಚ್ಚಿ ತಲೆಕೆಳಗು ಮಾಡಿ ನೋಡಿ, ಗುಳ್ಳೆ ಕಂಡರೆ ಬೇರೆ ಸೀಸೆ ತೆಗೆದುಕೊಳ್ಳಿ. ಐಸ್‌ನಲ್ಲಿಟ್ಟು ಬೇಗ ತಲುಪಿಸಿ.

ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ಬಳಸಿ. ಕುದಿಸಿದರೆ ಸಾಕು ಅಂದುಕೊಳ್ಳಬೇಡಿ, ಕುದಿಸಿದಾಗ ಆವಿ ಅಡುಗೆಮನೆಯಲ್ಲೇ ತುಂಬುತ್ತದೆ. ಟ್ಯಾಂಕ್ ತೆಗೆದಾಗ ಗುಂಡಿಯ ತಳದ ಮಣ್ಣು ಪರೀಕ್ಷಿಸಿದ್ದರಾ ಅಂತ ಹಳೆಯ ಮಾಲೀಕರನ್ನು ಕೇಳಿ, ವರದಿ ಇದ್ದರೆ ಪ್ರತಿ ತೆಗೆದುಕೊಳ್ಳಿ. ಈಗ ಶುದ್ಧ ಅಂತ ಬಂದರೂ ಅಂತರ್ಜಲ ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ ಮತ್ತೆ ನೋಡಿಸಿ. ಮಟ್ಟ ಏರಿದಾಗ ನೀರು ಮೇಲಿನ ಮಣ್ಣನ್ನು ಮುಟ್ಟುತ್ತದೆ, ಅಲ್ಲಿ ಅಂಟಿಕೊಂಡಿದ್ದದ್ದು ಆಗಲೇ ಕರಗಿ ಬರುವುದು.